ಟೆಸ್ಟ್ ಡೇಟಾದಿಂದ ರ‍್ಯಾಂಡಮ್ ಕಿತ್ತುಹಾಕಿದ್ದು: ನನ್ನ ಅನುಭವ

ಸಾಫ್ಟ್‌ವೇರ್ ಟೆಸ್ಟಿಗೆ ಬೇಕಾದ ನಕಲಿ ಹೆಸರು, ಇಮೇಲ್, ನಂಬರ್‌ಗಳನ್ನು ರ‍್ಯಾಂಡಮ್ (ಮನಬಂದ ಸಂಖ್ಯೆ) ಇಲ್ಲದೆ ಮಾಡೋಣ ಅಂದಾಗ "ರ‍್ಯಾಂಡಮ್ ಇಲ್ಲದೆ ಯೂನಿಕ್ ಹೇಗಾಗುತ್ತೆ ಮಾರಾಯ" ಅಂತ ನಕ್ಕವರೇ ಈಗ ನನ್ನ 20 ಸಾಲಿನ ಫೈಲನ್ನು ತಮ್ಮ ಪ್ರಾಜೆಕ್ಟಿಗೆ ಕಾಪಿ ಮಾಡಿಕೊಂಡಿದ್ದಾರೆ. ಇರಲಿ.

ಪೈಟೆಸ್ಟ್‌ನಲ್ಲಿ (ಪೈಥಾನಿನ ಟೆಸ್ಟ್ ಓಡಿಸುವ ಟೂಲ್) ಸುಮಾರು 2,300 ಟೆಸ್ಟ್, ಅವನ್ನು ಹಂಚಿಕೊಂಡು ಒಟ್ಟೊಟ್ಟಿಗೆ ಓಡಿಸುವ 8 ವರ್ಕರ್, ಎಲ್ಲಕ್ಕೂ ಒಂದೇ ಡೇಟಾಬೇಸ್. ಒಂದರ ಹಾಗೆ ಇನ್ನೊಂದು ಬರಬಾರದು ಅಂತ ಮೊದಲು ಇಮೇಲ್‌ಗೆ ಮಿಲಿಸೆಕೆಂಡ್ ಟೈಮ್‌ಸ್ಟಾಂಪ್ ಅಂಟಿಸುತ್ತಿದ್ದೆವು. ವರ್ಕರ್ ಎಂಟಾದ ಮೇಲೆ ಎರಡು ಟೆಸ್ಟ್ ಒಂದೇ ಮಿಲಿಸೆಕೆಂಡಿಗೆ ಬಂದು ಡಿಕ್ಕಿ. ಅದನ್ನು ಬಿಟ್ಟು 4 ಅಂಕಿಯ ರ‍್ಯಾಂಡಮ್ ಹಾಕಿದೆ. 10,000 ಸಂಖ್ಯೆ ಇದೆಯಲ್ಲ, ಸಾಕು ಅಂದುಕೊಂಡಿದ್ದೆ. 118 ಸಲ ತೆಗೆಯುವಷ್ಟರಲ್ಲೇ ಎರಡು ಒಂದೇ ಆಗುವ ಸಾಧ್ಯತೆ ಅರ್ಧಕ್ಕರ್ಧ ಅಂತ ಆಮೇಲೆ ಲೆಕ್ಕ ಹಾಕಿದೆ.

ದುಡ್ಡು ಹೋಗಿದ್ದು ಮೊಬೈಲ್ ನಂಬರಿನಲ್ಲಿ. 9ರಿಂದ ಶುರುವಾಗುವ ರ‍್ಯಾಂಡಮ್ ನಂಬರ್, ಸ್ಟೇಜಿಂಗ್‌ಗೆ (ಟೆಸ್ಟ್ ಓಡುವ ಪ್ರಯೋಗದ ಸರ್ವರ್) ಎಸ್ಸೆಮ್ಮೆಸ್ ಕಳಿಸುವ ಅಸಲಿ ಗೇಟ್‌ವೇ. ಜೋಡಿಸಿದ್ದು ನಾನೇ. ರಾತ್ರಿಯಿಡೀ ಯಾರ‍್ಯಾರಿಗೋ ಒಟಿಪಿ ಹೋಗಿ, ಬಿಲ್ ಆರೇಳು ಸಾವಿರ ಬಂತು.

ಆಮೇಲೆ ನಕಲಿ ಹೆಸರು ಹುಟ್ಟಿಸುವ ಫೇಕರ್ ಲೈಬ್ರರಿಗೆ ಸೀಡ್ ಕೊಟ್ಟೆ, ಅಂದರೆ ಪ್ರತಿ ಸಲ ಅದೇ ಸರಣಿ ಬರಲಿ ಅಂತ ಶುರುವಿನ ಸಂಖ್ಯೆ. ಪ್ರತಿ ಸಲ ಅದೇ ಹೆಸರು, ಖುಷಿಯಾಯಿತು. ಯಾರೋ ನಡುವೆ ಒಂದು ಟೆಸ್ಟ್ ಸೇರಿಸಿದರು ನೋಡಿ, ಕೆಳಗಿನವೆಲ್ಲ ಚೌಕಾಬಾರದ ಕಾಯಿಯ ಹಾಗೆ ಒಂದೊಂದು ಮನೆ ಮುಂದೆ ಹೋದವು.

ಕೊನೆಗೆ ಟೆಸ್ಟಿನ ಪೂರ್ತಿ ಹೆಸರಿನಿಂದಲೇ, ಅಂದರೆ ಫೈಲ್ ಪಾತ್, ಪ್ಯಾರಾಮೀಟರ್ ಎಲ್ಲ ಸೇರಿಸಿ, ಸಂಖ್ಯೆ ತೆಗೆದೆ. ಪೈಥಾನಿನ ಹ್ಯಾಶ್ ಫಂಕ್ಷನ್ (ಪಠ್ಯವನ್ನು ಸಂಖ್ಯೆ ಮಾಡುವುದು) ಬಳಸಿ ಎರಡು ದಿನ ಹಾಳು. ಪೈಥಾನ್ 3.3ರಿಂದ ಸ್ಟ್ರಿಂಗಿನ ಹ್ಯಾಶ್ ಪ್ರತಿ ಪ್ರೋಸೆಸ್‌ಗೂ ಬೇರೆ ಅಲ್ವಾ, ಗೊತ್ತಿದ್ದೂ ಮರೆತಿದ್ದೆ. ಒಂದೇ ಪಠ್ಯಕ್ಕೆ ಯಾವಾಗಲೂ ಒಂದೇ ಸಂಖ್ಯೆ ಕೊಡುವ ಸಿಆರ್‌ಸಿ32 ಹಾಕಿದೆ, ಹಿಂದೆ ಟೆಸ್ಟಿನೊಳಗಿನ ಕೌಂಟರ್: ಯೂಸರ್-3120884517-2. ಅಷ್ಟೇ. ಡೇಟಾಬೇಸಿನಲ್ಲಿ ಬಿದ್ದಿರುವ ಕಸ ಯಾವ ಟೆಸ್ಟಿನದು ಅಂತ ಈಗ ತಕ್ಷಣ ಗೊತ್ತಾಗುತ್ತೆ. ಯಾವ ಹೆಸರು ಬರುತ್ತೆ ಅಂತ ಮೊದಲೇ ಗೊತ್ತಿರುವುದರಿಂದ ಟೆಸ್ಟ್ ಶುರುವಾಗುವಾಗ ತನ್ನ ಹಳೇ ಸಾಲುಗಳನ್ನು ತಾನೇ ಅಳಿಸಿಕೊಳ್ಳುತ್ತೆ. ಡಿಕ್ಕಿಯಾಗಿ ಬಿದ್ದ ಟೆಸ್ಟನ್ನು ವಾರಕ್ಕೆ ಹತ್ತು ಹದಿನೈದು ಸಲ ಸುಮ್ನೆ ರೀರನ್ ಮಾಡುತ್ತಿದ್ದೆವು, ಈಗ ತಿಂಗಳಿಗೆ ಒಂದೆರಡು.

ಸುಮ್ನಿರಲಾರದೆ ಜಿಎಸ್‌ಟಿ ನಂಬರಿಗೂ ಇದನ್ನೇ ಮಾಡಿದೆ. ಕರ್ನಾಟಕದ 29 ಮುಂದೆ, ನಡುವೆ ನನ್ನ ಸಂಖ್ಯೆಯಿಂದ ಕಟ್ಟಿದ ಪ್ಯಾನ್, 15ನೆಯದು ಚೆಕ್ ಡಿಜಿಟ್ (ಹಿಂದಿನವು ಸರಿಯೇ ಅಂತ ತಾಳೆ ನೋಡುವ ಅಕ್ಷರ). ಒಂದು ಭಾನುವಾರ ಪೂರ್ತಿ ತಿಂತು.

ಮೊಬೈಲ್ ನಂಬರಿಗೆ ಮಾತ್ರ ಸಿಆರ್‌ಸಿ ನೇರವಾಗಿ ಒಗ್ಗಲ್ಲ. ಅದನ್ನು, ಉದಾಹರಣೆಗೆ, 6 ಅಂಕಿಗೆ ಕತ್ತರಿಸಿದರೆ 2,300 ಟೆಸ್ಟಿಗೆ ಡಿಕ್ಕಿ ಹೆಚ್ಚುಕಡಿಮೆ ಖಚಿತ. ಅದಕ್ಕೆ ಬೇರೆ ದಾರಿ ಮಾಡಿದ್ದೇನೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.