ಕುಬಸದ ದಿನವೇ ಈ ಮಾತು ಮುಗಿಸಿ

ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಹದಿನಾಲ್ಕು ವರ್ಷ ಆಯಿತು. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಮ್ಮ ಓಣಿಯಲ್ಲೇ ಒಬ್ಬ ಬಾಣಂತಿ ತೀರಿಕೊಂಡಳು. ಮನೆಯಲ್ಲೇ ಹೆರಿಗೆ. ರಕ್ತ ನಿಲ್ಲಲೇ ಇಲ್ಲ. "ಕೆಟ್ಟ ರಕ್ತ ಅದು, ಹೋಗ್ಲಿ ಬಿಡು" ಅಂದರು ಹಿರಿಯರು. ಗಂಡ ಮಂಗಳೂರಿಗೆ ದುಡಿಯಲು ಹೋಗಿದ್ದ, ಮಾವ ಜಾತ್ರೆಗೆ. "ಗಂಡಸರು ಬರ್ಲಿ, ಕೇಳಿ ಹೋಗೋಣು" ಅಂತ ಕಾದರು. ನಾನು ಓಡಿ ಹೋಗುವಷ್ಟರಲ್ಲಿ ಅವಳ ಕೈ ತಣ್ಣಗಾಗಿತ್ತು.

ಹೆರಿಗೆ ನಂತರ ರಕ್ತ ನಿಲ್ಲದಿದ್ದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಆ ಮನೆಯವರು ಕೆಟ್ಟವರಲ್ಲ. "ನಡೀರಿ ಹೋಗೋಣ" ಅನ್ನುವವರು ಯಾರು ಅಂತ ಮೊದಲೇ ಮಾತಾಗಿರಲಿಲ್ಲ, ಅಷ್ಟೇ. 2018-20ರ ಸರ್ಕಾರಿ ಲೆಕ್ಕದಲ್ಲಿ ಲಕ್ಷ ಹೆರಿಗೆಗೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರು, ಕೇರಳದಲ್ಲಿ 19. ಹಣೆಬರಹ ಆಗಿದ್ದರೆ ಎರಡೂ ಕಡೆ ಒಂದೇ ಇರಬೇಕಿತ್ತಲ್ವಾ?

ಈ ಮಾತಿಗೆ ಕುಬಸದ, ಅಂದರೆ ಸೀಮಂತದ ದಿನ ಒಳ್ಳೆಯದು. ತವರಿನವರು, ಗಂಡನ ಮನೆಯವರು ಎಲ್ಲಾ ಒಂದೇ ಕಡೆ ಸಿಗುತ್ತಾರೆ. ಊಟ ಮುಗಿದ ಮೇಲೆ ಶುರು ಮಾಡಿ. ಮೊದಲು ಅತ್ತೆಯ ಹತ್ತಿರ ಕೂತು, "ನಿಮ್ಮ ಹೆರಿಗೆ ಹ್ಯಾಂಗಾತು ಯಕ್ಕಾ?" ಅಂತ ಕೇಳಿ. ಅವರು ಹೇಳಲಿ. ಸುಮ್ನೆ ಬುದ್ಧಿ ಹೇಳಲು ಹೋದರೆ ಬಾಗಿಲು ಮುಚ್ಚಿತು ಅಂತಲೇ ತಿಳಿಯಿರಿ. ನಂತರ ಎಲ್ಲರೆದುರು ಕೇಳಿ: ನಡುರಾತ್ರಿ ನೋವು ಬಂದು ಗಂಡಸರು ಊರಲ್ಲಿ ಇಲ್ಲದಿದ್ದರೆ, ಹೊರಡಿಸೋರು ಯಾರು? ಇಬ್ಬರ ಹೆಸರು ಬೇಕು. ಅವರು ಯಾರನ್ನೂ ಕೇಳಬೇಕಿಲ್ಲ ಅಂತ ಗಂಡನ ಬಾಯಿಂದಲೇ ಹೇಳಿಸಿ. ಆ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡಿನೊಳಗೆ ಇಡಿ.

ಅದೇ ಚೀಟಿಯಲ್ಲಿ ವಾಹನದ ನಂಬರ್ ಇರಲಿ. 108ಕ್ಕೆ ಫೋನ್ ಮಾಡಿ, ಆದರೂ ಊರಿನ ಒಬ್ಬ ಟಂಟಂ ಆಟೋ ಡ್ರೈವರ್‌ಗೆ ಹೇಳಿಟ್ಟಿರಿ. ರಕ್ತ ಕೊಡಲು ಇಬ್ಬರನ್ನು ಗೊತ್ತು ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲಾ ಉಚಿತ, 2011ರಿಂದಲೇ. ದುಡ್ಡಿಲ್ಲ ಅಂತ ಕಾಯಬೇಡಿ. ಬಿಪಿ ಜಾಸ್ತಿ ಇದ್ದರೆ, ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದರೆ, ಯಾವ ಆಸ್ಪತ್ರೆ ಅಂತ ಡಾಕ್ಟರ್ ಹತ್ತಿರ ಮೊದಲೇ ಕೇಳಿಟ್ಟು ನೇರ ಅಲ್ಲಿಗೇ ಹೋಗಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವಾಗಲೇ ಹೊತ್ತು ಹೋಗುತ್ತದೆ.

ತವರಿಗೆ ಹೊರಟಾಗ ಸೀರೆಗಿಂತ ಮೊದಲು ತಾಯಿ ಕಾರ್ಡ್ ಚೀಲಕ್ಕೆ ಹಾಕಿ. ಗುಳೆ ಹೋಗುವವರಿಗೂ ಇದೇ ಮಾತು. ಎರಡೂ ಊರಿನ ಆಶಾಗೆ ತಿಳಿಸದಿದ್ದರೆ ಬಸುರಿ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಇನ್ನು ಊಟ. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟ ಆಗುತ್ತದೆ. ಎಲ್ಲರ ಊಟ ಆದ ಮೇಲೆ ಉಳಿದಿದ್ದು ಸೊಸೆಗೆ. ಬಸುರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ದೊಡ್ಡ ಅಪಾಯ. ಅಂಥವಳಿಗೆ ಸ್ವಲ್ಪ ರಕ್ತ ಹೋದರೂ ತಡೆಯುವ ಶಕ್ತಿ ಇರುವುದಿಲ್ಲ. ನಾನು ಅತ್ತೆಯಂದಿರಿಗೆ ಒಂದೇ ಕೇಳುವುದು: ಮೊದಲ ಬಿಸಿ ರೊಟ್ಟಿ, ಕಾಳುಪಲ್ಯ ಆಕೆಗೆ ಕೊಡಿ. ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಅನ್ನುವುದು ಸುಳ್ಳು. ಮಲ ಕಪ್ಪಾಗುವುದು ನಿಜ, ಹೆದರಬೇಡಿ. ರಾತ್ರಿ ಊಟ ಆದ ಮೇಲೆ ಕೊಡಿ, ಚಹಾದ ಜೊತೆ ಬೇಡ. ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಇದೆ. ಸೊಸೆ ಒಬ್ಬಳೇ ಹೊರಗೆ ಹೋಗಬಾರದು ಅನ್ನುವ ಮನೆಯಾದರೆ ಅತ್ತೆಯೇ ಕರೆದುಕೊಂಡು ಬರಲಿ.

ಹದಿನೆಂಟು ತುಂಬದ ಹುಡುಗಿ ಬಸುರಿಯಾದರೆ ಕೇಸಿನ ಭಯಕ್ಕೆ ಕೆಲವರು ಕಾರ್ಡೇ ಮಾಡಿಸುವುದಿಲ್ಲ. ದಯವಿಟ್ಟು ಬಚ್ಚಿಡಬೇಡಿ. ಎಲ್ಲರಿಗಿಂತ ಹೆಚ್ಚು ಡಾಕ್ಟರ್ ಬೇಕಾಗಿರುವುದು ಆ ಹುಡುಗಿಗೇ.

ತಲೆ ಸಿಡಿಯುವ ನೋವು, ಕಣ್ಣು ಮಂಜು, ಮುಖ ಬಾವು, ಫಿಟ್ಸ್, ರಕ್ತ, ನೀರು ಹೋಗುವುದು, ಮಗುವಿನ ಅಲುಗಾಟ ಕಡಿಮೆ. ಇವುಗಳಲ್ಲಿ ಒಂದು ಕಂಡರೂ ಅಮಾವಾಸ್ಯೆ, ಮಂಗಳವಾರ ನೋಡದೆ ಹೊರಡಿ. ಹೆರಿಗೆ ಆದ ಮೇಲೆ ಎರಡು ದಿನವಾದರೂ ಆಸ್ಪತ್ರೆಯಲ್ಲೇ ಇರಿ. ಮನೆಗೆ ಬಂದ ಮೇಲೆ ಆರು ವಾರದೊಳಗೆ ಜ್ವರ, ಕೆಟ್ಟ ವಾಸನೆಯ ಸ್ರಾವ, ಜಾಸ್ತಿ ರಕ್ತ ಕಂಡರೆ, ಕುಬಸದ ದಿನ ಒಪ್ಪಿದ ಆ ಇಬ್ಬರೇ ಮತ್ತೆ ಗಾಡಿ ತರಿಸಬೇಕು.