ಅಣಬೆ ಹುಡುಕಲು ಕಾಡಿಗೆ ಹೊರಡುವಾಗ ಏನೇನು ಒಯ್ಯಬೇಕು

ಮುಂಗಾರಿನ ಮೊದಲ ಮಳೆಗಳು ನೆಲವನ್ನು ನೆನೆಸಿ, ಗುಡುಗು ಕೇಳಿಸತೊಡಗಿದ ಮೇಲೆ ಮಲೆನಾಡಿನಲ್ಲಿ ಅಣಬೆಯ ಮಾತು ಶುರುವಾಗುತ್ತದೆ. ಕೊಡಗಿನವರು ಕುಮ್ಮು ಎಂದೂ ತುಳುವರು ಲಾಂಬು ಎಂದೂ ಕರೆಯುವ ಇದನ್ನು ಹುಡುಕಲು ಹೊರಡುವವರು ಸಾಮಾನ್ಯವಾಗಿ ಮಳೆಯಿಂದ ಮೈ ಕಾಪಾಡಿಕೊಳ್ಳುವುದನ್ನಷ್ಟೇ ಯೋಚಿಸುತ್ತಾರೆ. ಆದರೆ ಒಯ್ಯುವ ಸಾಮಾನುಗಳಲ್ಲಿ ಹೆಚ್ಚಿನವುಗಳ ಕೆಲಸ ಬೇರೆಯೇ ಆಗಿದೆ: ಕಿತ್ತ ಅಣಬೆ ಬುಡದಿಂದ ಕೊಡೆಯವರೆಗೆ ಇಡಿಯಾಗಿ, ಒಂದಕ್ಕೊಂದು ಬೆರೆಯದೆ ಮನೆ ಸೇರಬೇಕು. ಹಾಗೆ ಬಂದ ಅಣಬೆಯನ್ನು ಮಾತ್ರ ಬಲ್ಲವರು ನೋಡಿ ತಿನ್ನಬಹುದೋ ಬಾರದೋ ಎಂದು ಹೇಳಲು ಸಾಧ್ಯ.

ಮೊದಲು ಜಾಗದ ವಿಷಯ. ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿಧಾಮಗಳಿಂದ ಏನನ್ನೂ ಕಿತ್ತು ತರುವಂತಿಲ್ಲ. ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸ್ವಂತ ಹಾಡ್ಯ (ಸಣ್ಣ ಕಾಡು), ಬೆಟ್ಟ, ತೋಟ, ಅಥವಾ ಮಾಲೀಕರನ್ನು ಕೇಳಿ ಹೋಗುವ ಕಾಫಿ ತೋಟಗಳೇ ಹೊಸಬರಿಗೆ ಸರಿಯಾದ ಜಾಗ. ಆ ಊರಿನ ಅಣಬೆಗಳನ್ನು ವರ್ಷಗಳಿಂದ ಕಿತ್ತು, ಅಡುಗೆ ಮಾಡಿ, ತಿಂದು ಬಲ್ಲ ಹಿರಿಯರೊಬ್ಬರು ಜೊತೆಗಿಲ್ಲದಿದ್ದರೆ ಬುಟ್ಟಿ ಕಟ್ಟಿಕೊಂಡು ಹೊರಡುವುದೇ ಬೇಡ.

ಬುಟ್ಟಿ ಬಿದಿರಿನದೋ ಬೆತ್ತದ್ದೋ ಆಗಿರಲಿ, ಅಗಲವಾಗಿರಲಿ, ಆಳ ಕಡಿಮೆಯಿರಲಿ. ಪ್ಲಾಸ್ಟಿಕ್ ಕವರಿಗೆ ತುಂಬಿದ ಅಣಬೆ ತನ್ನದೇ ತೇವಕ್ಕೆ ಬೆವತು, ಮೇಲಿನವುಗಳ ಭಾರಕ್ಕೆ ಕೆಳಗಿನವು ನುಗ್ಗಾಗಿ, ಮನೆ ಸೇರುವಷ್ಟರಲ್ಲಿ ಲೋಳೆಯಾಗಿರುತ್ತದೆ; ಕೆಟ್ಟ ಅಣಬೆ ಒಳ್ಳೆಯ ಜಾತಿಯದೇ ಆದರೂ ಹೊಟ್ಟೆಗೆ ಒಗ್ಗುವುದಿಲ್ಲ. ಬುಟ್ಟಿಯ ತಳಕ್ಕೆ ಬಾಳೆಲೆ ಹಾಸಿ, ಹಳೆಯ ಪೇಪರಿನ ಹಾಳೆಗಳನ್ನೂ ಹತ್ತು ಹದಿನೈದು ಕಾಗದದ ಚೀಲಗಳನ್ನೂ ಇಟ್ಟುಕೊಳ್ಳಿ. ಒಂದು ಜಾತಿಗೆ ಒಂದು ಚೀಲ ಎಂಬುದನ್ನು ಯಾವ ಕಾರಣಕ್ಕೂ ಮುರಿಯಬಾರದು. ಸಂಶಯವಿರುವ ಒಂದೇ ಒಂದು ಅಣಬೆಯ ಚೂರು ಬೆರೆತರೂ ಇಡೀ ಬುಟ್ಟಿ ಸಂಶಯಕ್ಕೆ ಒಳಗಾಗುತ್ತದೆ.

ಚೂರಿಯ ವಿಷಯದಲ್ಲಿ ಹೊಸಬರು ತಪ್ಪುವುದು ಹೆಚ್ಚು. ಮಣ್ಣು ತಾಗದಂತೆ ದಂಟನ್ನು ನೆಲಮಟ್ಟದಲ್ಲಿ ಕೊಯ್ದರೆ ಅಣಬೆ ಸ್ವಚ್ಛವಾಗಿ ಕಾಣುತ್ತದೆ ನಿಜ, ಆದರೆ ಗುರುತು ನೆಲದಲ್ಲೇ ಉಳಿಯುತ್ತದೆ. ಮಾರಕ ವಿಷವಿರುವ ಅಮಾನಿಟಾ ಜಾತಿಯ ಹಲವು ಅಣಬೆಗಳ ಬುಡದಲ್ಲಿ, ಒಡೆದ ಮೊಟ್ಟೆಯ ಸಿಪ್ಪೆಯಂತಹ ಒಂದು ಬಟ್ಟಲು ಮಣ್ಣಿನೊಳಗೆ ಅಡಗಿರುತ್ತದೆ. ಅದಕ್ಕಾಗಿ ಉದ್ದ ಅಲಗಿನ, ತುದಿ ಚೂಪಲ್ಲದ ಚೂರಿ ಒಯ್ಯಿರಿ. ದಂಟಿನಿಂದ ಎರಡು ಬೆರಳು ದೂರದಲ್ಲಿ ಅಲಗನ್ನು ಇಳಿಸಿ, ಸುತ್ತಲಿನ ಮಣ್ಣನ್ನು ಸಡಿಲಿಸಿ, ಬುಡವನ್ನು ಬೆರಳಿನಿಂದ ತಡವಿ ನೋಡಿದ ಮೇಲೆ ಎತ್ತಬೇಕು. ಗೆದ್ದಲಿನ ಗೂಡಿನಿಂದ ಹುಟ್ಟುವ ಹೆಗ್ಗಾಲಣಬೆಯನ್ನು ಹೀಗೆ ಬಿಡಿಸುವಾಗ ದಂಟು ಬೇರಿನಂತೆ ಸಪೂರವಾಗುತ್ತಾ ಕೆಳಗಿಳಿಯುವುದು ಕಾಣುತ್ತದೆ; ಅದು ನೆಲದಡಿಯಲ್ಲಿ ಗೆದ್ದಲುಗಳು ಸಾಕುವ ಶಿಲೀಂಧ್ರದ ಹಾಸಿನವರೆಗೂ ಹೋಗಿರುತ್ತದೆ. ಗುರುತಿಗೆ ಒಂದೆರಡನ್ನು ಹೀಗೆ ತೆಗೆದರೆ ಸಾಕು. ಗೂಡನ್ನು ಅಗೆದು ಹಾಳುಮಾಡಿದರೆ ಮುಂದಿನ ವರ್ಷ ಅಲ್ಲಿ ಅಣಬೆ ಏಳುವುದಿಲ್ಲ. ಮಣ್ಣು ಕೊಡವಲು ಬಣ್ಣ ಬಳಿಯುವ ಸಣ್ಣ ಬ್ರಷ್ಷು ಸಾಕು, ಅಲ್ಲಿ ನೀರು ಹಾಕಬೇಡಿ.

ಕರಾವಳಿಯ ಮುರಕಲ್ಲಿನ ನೆಲದಲ್ಲಿ ಅರ್ಧ ಹೂತುಕೊಂಡಿರುವ, ಉಂಡೆಯಂತಹ ಕಲ್ಲಣಬೆಗೆ ಹೋಗುವವರು ಕೆದಕಲು ಒಂದು ಗಟ್ಟಿ ಕೋಲನ್ನೂ ಒಯ್ಯಬೇಕು. ಪ್ರತಿಯೊಂದನ್ನೂ ಎರಡು ಹೋಳು ಮಾಡಿ ನೋಡುವುದು ಕಡ್ಡಾಯ: ಎಳೆಯದರ ಒಳಗು ಬೆಳ್ಳಗೆ ಒಂದೇ ಸಮನಾಗಿರುತ್ತದೆ. ಒಳಗೆ ಕೊಡೆಯ ಆಕಾರ ಮೂಡಿದ್ದರೆ ಅದು ಇನ್ನೂ ಬಿರಿಯದ ಅಮಾನಿಟಾ ಆಗಿರಬಹುದು. ಕಪ್ಪು ಅಥವಾ ನೇರಳೆ ಬಣ್ಣವಿದ್ದರೆ ಅದನ್ನೂ ಎಸೆಯಬೇಕು.

ಒಂದು ಪುಸ್ತಕ, ಒಂದು ಪೆನ್ಸಿಲ್ ಇರಲಿ. ಒದ್ದೆ ಕಾಗದದ ಮೇಲೆ ಪೆನ್ನು ಬರೆಯುವುದಿಲ್ಲ. ಹುತ್ತದ ಬಳಿಯೋ, ಕೊಳೆತ ಮರದ ಮೇಲೋ, ಹುಲ್ಲಿನಲ್ಲೋ, ಎಲ್ಲಿ ಸಿಕ್ಕಿತು ಎಂದು ಬರೆದು, ಕೀಳುವ ಮುನ್ನ ಮೊಬೈಲಿನಲ್ಲಿ ಮೇಲಿನಿಂದಲೂ ಕೊಡೆಯ ಕೆಳಗಿನಿಂದಲೂ ಚಿತ್ರ ತೆಗೆಯಿರಿ. ಮನೆಗೆ ಬಂದ ಮೇಲೆ ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಕೊಡೆಯನ್ನು ಬೋರಲಾಗಿಟ್ಟು, ಲೋಟ ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಬೀಜಕಣಗಳ ಬಣ್ಣ ಇಳಿದಿರುತ್ತದೆ. ಹೆಗ್ಗಾಲಣಬೆಯದು ತಿಳಿ ಗುಲಾಬಿ. ಹುಲ್ಲುಗಾವಲಿನಲ್ಲಿ ಬೆಳೆದು ಬಹಳ ಜನರಿಗೆ ವಾಂತಿ ಭೇದಿ ತರಿಸುವ, ಎಳೆಯದರಲ್ಲಿ ಬೆಳ್ಳಗೆ ಚೆನ್ನಾಗಿಯೇ ಕಾಣುವ ದೊಡ್ಡ ಕೊಡೆಯೊಂದರದು ಮಾಸಲು ಹಸಿರು.

ಮೈಗೆ ಬೇಕಾದುವು ಮಲೆನಾಡಿನವರಿಗೆ ಗೊತ್ತಿರುವವೇ. ಗಮ್ ಬೂಟು, ಮಂಡಿಯವರೆಗಿನ ಕಾಲುಚೀಲ, ಇಂಬಳಗಳಿಗೆ ಉಪ್ಪಿನ ಗಂಟು, ಎರಡೂ ಕೈ ಬಿಡುವಾಗಿರಲು ಕೊಡೆಯ ಬದಲು ರೈನ್ ಕೋಟು ಅಥವಾ ಕಂಬಳಿಕೊಪ್ಪೆ, ಕುಡಿಯುವ ನೀರು, ದಾರಿ ತಪ್ಪಿದರೆ ಊದಲು ಒಂದು ಸೀಟಿ. ಹುತ್ತದ ಬಿಲಕ್ಕೂ ದರಗಿನ ರಾಶಿಗೂ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಬೇಕು. ಮಳೆಗಾಲದಲ್ಲಿ ಹಾವುಗಳು ಅಲ್ಲೇ ಇರುತ್ತವೆ.

ಬೆಳ್ಳಿ ಚಮಚ, ಬೆಳ್ಳುಳ್ಳಿ, ಅರಿಶಿನಗಳ ಬಣ್ಣ ನೋಡಿ ವಿಷ ತಿಳಿಯಬಹುದೆಂಬ ನಂಬಿಕೆ ಇಂದಿಗೂ ಇದೆ. ಅದು ಸುಳ್ಳು. ಅಮಾನಿಟಾದ ವಿಷ ಕುದಿಸಿದರೂ ಹೋಗುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು ಹದಿಮೂರು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಚಹಾ ತೋಟದವರು. ಈ ವಿಷದ ಲಕ್ಷಣ ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ತಡವಾಗಿ ವಾಂತಿ ಭೇದಿಯಾಗಿ ಬಂದು, ನಡುವೆ ವಾಸಿಯಾದಂತೆ ತೋರಿ, ಮೂರು ನಾಲ್ಕು ದಿನಗಳಲ್ಲಿ ಯಕೃತ್ತನ್ನು ಕೆಡಿಸುತ್ತದೆ. ಆದ್ದರಿಂದ ಅಡುಗೆಗೆ ಹಾಕುವ ಪ್ರತಿ ಜಾತಿಯ ಒಂದು ಹಸಿ ಅಣಬೆಯನ್ನು ಬುಡಸಮೇತ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಕಾಯದೆ 108ಕ್ಕೆ ಕರೆ ಮಾಡಿ, ಆ ಪೊಟ್ಟಣವನ್ನು ಆಸ್ಪತ್ರೆಗೆ ಕೊಂಡೊಯ್ದು ವೈದ್ಯರ ಕೈಗೆ ಕೊಡಿ.