ಕೊಯ್ಲಿನ ಕತ್ತಿ ಹಿಡಿಗೆ ಹಳೆ ಸೈಕಲ್ ಟ್ಯೂಬ್

ಗದ್ದೆ ಕೊಯ್ಯುವ ಹೆಂಗಸರ ಕೈಗೆ ಕತ್ತಿಯ ಹಿಡಿ ಸಪೂರವಾದರೆ ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಳ್ಳಿ. ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ, ಹಿಡಿಯ ತುದಿಯಿಂದ ಶುರುಮಾಡಿ, ಎಳೆದೆಳೆದು ಒಂದರ ಮೇಲೊಂದು ಅರ್ಧ ಬರುವಂತೆ ಅಲಗಿನ ಕಡೆಗೆ ಸುತ್ತಿ, ಕೊನೆಯನ್ನು ಹಿಂದಿನ ಸುತ್ತಿನ ಅಡಿಗೆ ತುರುಕಿ. ಹಿಡಿದಾಗ ಹೆಬ್ಬೆರಳ ತುದಿ ತೋರುಬೆರಳ ತುದಿಗೆ ತಾಗಬೇಕು. ಹೆಚ್ಚಾಗಿ 3ರಿಂದ 3.5 ಸೆಂ.ಮೀ. ದಪ್ಪಕ್ಕೆ ಸರಿಯಾಗುತ್ತದೆ. ಕೊಯ್ಯುವವರ ಕೈಯಲ್ಲೇ ಅಳತೆ ನೋಡಿ, ಮನೆಯ ಗಂಡಸರ ಕೈಯಲ್ಲಿ ಬೇಡ. ತುದಿಯಲ್ಲಿ ಎರಡು ಸುತ್ತು ಹೆಚ್ಚಿಗೆ ಹಾಕಿದರೆ ಕಿರುಬೆರಳಿಗೆ ತಡೆ ಸಿಗುತ್ತದೆ. ಕತ್ತಿಯನ್ನು ನಮ್ಮ ಕಡೆಗೆ ಎಳೆಯುವುದಲ್ಲವೇ, ಬೆವರಿದ ಕೈ ಜಾರದಿರಲೆಂದು ಸಪೂರ ಹಿಡಿಯನ್ನು ಅಮುಕಿ ಹಿಡಿದೇ ಬೆರಳು, ಮಣಿಕಟ್ಟು ಸೋಲುವುದು. ಕುಮಟಾ ಕಡೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ನೀರಲ್ಲಿ ನಿಂತು ಕಗ್ಗ ಭತ್ತ ಕೊಯ್ಯುವಾಗ ಇದು ನಡೆಯದು, ಕೆಸರು ಮೆತ್ತಿದ ರಬ್ಬರ್ ಜಾರುತ್ತದೆ. ಅಲ್ಲಿಗೆ ಹತ್ತಿ ಹಗ್ಗ ಸುತ್ತಿ. ಗುದ್ದಲಿ ಕಾವಿಗಂತೂ ರಬ್ಬರ್ ಬೇಡವೇ ಬೇಡ: ಮೇಲೆ ಕೆಳಗೆ ಸರಿಯಬೇಕಾದ ಕೈ ಅಂಟಿಕೊಂಡು ಬೊಕ್ಕೆ ಏಳುತ್ತದೆ. ಅಲಗು ಹಿಡಿಯೊಳಗೆ ಅಲ್ಲಾಡುತ್ತಿದ್ದರೆ ಮೊದಲು ಆಚಾರಿಯವರಲ್ಲಿ ಬಿಗಿ ಮಾಡಿಸಿ, ಸುತ್ತಿದ ಮೇಲೆ ಸಡಿಲವಾದದ್ದು ಕಣ್ಣಿಗೆ ಬೀಳುವುದಿಲ್ಲ.